ಮನೆತೋಟಕ್ಕೆ ಮಳೆನೀರಿನ ಡ್ರಮ್: ಆಯ್ಕೆ, ಅಳವಡಿಕೆ ಮತ್ತು ಬಳಕೆ

ಸೂರಿನಿಂದ ಇಳಿಯುವ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಗಿಡಗಳಿಗೆ ಉಣಿಸುವುದು ನೋಡಲು ಬಹಳ ಸರಳವಾದ ಕೆಲಸ. ಆದರೂ ಆಸೆಯಿಂದ ತಂದಿಟ್ಟ ಎಷ್ಟೋ ಡ್ರಮ್ಮುಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿಗಟ್ಟಿ, ಸೊಳ್ಳೆಗಳಿಗೆ ನೆಲೆಯಾಗಿ ಮೂಲೆ ಸೇರುತ್ತವೆ. ಹೀಗಾಗುವುದಕ್ಕೆ ಮುಖ್ಯ ಕಾರಣ, ಡ್ರಮ್ಮನ್ನು ಬೇಸಿಗೆಗಾಗಿ ನೀರು ಕೂಡಿಡುವ ಉಗ್ರಾಣವೆಂದು ಭಾವಿಸುವುದು. ಇನ್ನೂರು ಲೀಟರಿನ ಡ್ರಮ್ಮಿಗೆ ಆ ಶಕ್ತಿ ಇಲ್ಲ. ಒಂದು ಮಳೆಗೂ ಮುಂದಿನ ಮಳೆಗೂ ನಡುವೆ ಬರುವ ಒಣ ದಿನಗಳನ್ನು ದಾಟಿಸುವುದಷ್ಟೇ ಅದರ ಕೆಲಸ, ಮತ್ತು ಆ ಕೆಲಸವನ್ನು ಅದು ಬಹಳ ಚೆನ್ನಾಗಿ ಮಾಡುತ್ತದೆ. ಡ್ರಮ್ ಒಂದು ಋತುವಿನಲ್ಲಿ ಎಷ್ಟು ಸಲ ತುಂಬಿ ಎಷ್ಟು ಸಲ ಬರಿದಾಯಿತು ಎಂಬುದೇ ಅದರ ನಿಜವಾದ ಅಳತೆ. ಮುಂದೆ ಹೇಳಿರುವ ಪ್ರತಿಯೊಂದು ಹಂತವೂ ಈ ತುಂಬುವ ಮತ್ತು ಬರಿದಾಗುವ ಕ್ರಮವನ್ನು ಸುಗಮಗೊಳಿಸುವುದಕ್ಕಾಗಿಯೇ ಇದೆ.

ಗಿಡಗಳ ಮಟ್ಟಿಗೆ ಮಳೆನೀರು ಶ್ರೇಷ್ಠವಾದುದು. ಅದರಲ್ಲಿ ಕ್ಲೋರಿನ್ ಇರುವುದಿಲ್ಲ, ಕರಗಿದ ಲವಣಗಳು ಅತಿ ಕಡಿಮೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6ರಷ್ಟಿದ್ದು ತುಸು ಆಮ್ಲೀಯವಾಗಿರುತ್ತದೆ. ಇದರಿಂದ ಬಹುತೇಕ ಗಿಡಗಳಿಗೆ ತೊಂದರೆಯಿಲ್ಲ. ಗಡಸು ನೀರನ್ನು ಬಹಳ ಕಾಲ ಉಣಿಸಿದ ಕುಂಡಗಳ ಮಣ್ಣಿನ ಮೇಲೆ ಮತ್ತು ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ತೋಟ ಮಾಡುವವರೆಲ್ಲರೂ ಕಂಡಿರುತ್ತಾರೆ. ಮಳೆನೀರನ್ನು ಧಾರಾಳವಾಗಿ ಹಾಯಿಸಿದಾಗ ಆ ಲವಣವು ಕರಗಿ ಕುಂಡದ ತಳದ ರಂಧ್ರದಿಂದ ಹೊರಹೋಗುತ್ತದೆ.

ಕೊಳ್ಳುವ ಮೊದಲು ಮಾಡಬೇಕಾದ ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರಿಗೆ ಸಮ. ಈ ಒಂದು ಸೂತ್ರ ನೆನಪಿನಲ್ಲಿದ್ದರೆ ಉಳಿದದ್ದೆಲ್ಲ ಸುಲಭ. ಚಾವಣಿಯ ಇಳಿಜಾರಿನ ಉದ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಮೇಲಿನಿಂದ ನೋಡಿದಾಗ ಅದು ನೆಲದ ಎಷ್ಟು ಭಾಗವನ್ನು ಮುಚ್ಚುತ್ತದೆಯೋ ಅಷ್ಟೇ ಅದರ ವಿಸ್ತೀರ್ಣ. ಅದರಲ್ಲಿಯೂ ಇಡೀ ಚಾವಣಿಯ ನೀರು ಒಂದೇ ಕೊಳವೆಗೆ ಬರುವುದು ಅಪರೂಪವಾದ್ದರಿಂದ, ಡ್ರಮ್ ಇಡಬೇಕೆಂದಿರುವ ಇಳಿಕೊಳವೆಗೆ ಯಾವ ಭಾಗದ ನೀರು ಹರಿದು ಬರುತ್ತದೆಯೋ ಆ ಭಾಗವನ್ನು ಮಾತ್ರ ಅಳೆಯಬೇಕು.

ಆ ಭಾಗ 40 ಚದರ ಮೀಟರ್ ಇದೆ ಎಂದುಕೊಳ್ಳೋಣ. ಹತ್ತು ಮಿಲಿಮೀಟರ್ ಮಳೆಗೆ 400 ಲೀಟರ್ ಬೀಳುತ್ತದೆ. ಚಾವಣಿ ಹೀರಿಕೊಳ್ಳುವುದು, ಆವಿಯಾಗುವುದು, ಸೂರಿನಂಚಿನಲ್ಲಿ ನೀರು ಹಿಡಿಯುವ ದೋಣಿಯಿಂದ ಹೊರಗೆ ಚಿಮ್ಮುವುದು ಇವೆಲ್ಲವನ್ನೂ ಕಳೆದು ನೂರಕ್ಕೆ ಎಂಬತ್ತರಷ್ಟು ಕೈಸೇರುತ್ತದೆಂದು ಹಿಡಿದರೂ 320 ಲೀಟರ್ ದೊರೆಯುತ್ತದೆ. ಅಂದರೆ ಕೇವಲ ಆರೇಳು ಮಿಲಿಮೀಟರ್ ಮಳೆಗೆ ಇನ್ನೂರು ಲೀಟರಿನ ಡ್ರಮ್ ತುಂಬಿಬಿಡುತ್ತದೆ. ನೀರು ಸಿಗುವುದೋ ಇಲ್ಲವೋ ಎಂಬ ಚಿಂತೆಗಿಂತ, ಸಿಕ್ಕ ನೀರಿಗೆ ಜಾಗವಿದೆಯೇ ಎಂಬ ಪ್ರಶ್ನೆಯೇ ದೊಡ್ಡದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ತೋಟದ ಕಡೆಯ ಲೆಕ್ಕ. ತರಕಾರಿ ಮಡಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್, ಅಂದರೆ ಪ್ರತಿ ಚದರ ಮೀಟರಿಗೆ 25 ಲೀಟರ್ ನೀರು ಬೇಕೆಂಬುದು ಸಾಮಾನ್ಯವಾಗಿ ಬಳಸುವ ಅಂದಾಜು; ಕಡು ಬಿಸಿಲು ಮತ್ತು ಒಣಗಾಳಿಯ ದಿನಗಳಲ್ಲಿ ಅದು 35 ಲೀಟರಿಗೆ ಏರಬಹುದು. ಎಂಟು ಚದರ ಮೀಟರಿನ ಮಡಿಗೆ ಹಾಗಾದರೆ ವಾರಕ್ಕೆ 200ರಿಂದ 280 ಲೀಟರ್ ಬೇಕಾಗುತ್ತದೆ. ನಲ್ಲಿಯ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರನ್ನು ಕಳೆದರೆ ಇನ್ನೂರು ಲೀಟರಿನ ಡ್ರಮ್ಮಿನಿಂದ ಬಳಕೆಗೆ ಸಿಗುವುದು 175 ಲೀಟರ್ ಮಾತ್ರ, ಆದ್ದರಿಂದ ಒಂದು ಡ್ರಮ್ ಆ ಮಡಿಯನ್ನು ನಾಲ್ಕರಿಂದ ಆರು ದಿನ ಸಾಕುತ್ತದೆ. ನಿಮ್ಮಲ್ಲಿ ಮಳೆಗಾಲದ ಎರಡು ಮಳೆಗಳ ನಡುವೆ ಸಾಮಾನ್ಯವಾಗಿ ಹತ್ತು ದಿನಗಳ ಅಂತರವಿದ್ದರೆ ಎರಡು ಡ್ರಮ್ ಬೇಕಾಗುತ್ತದೆ. ಬಿಸಿಲು ಕಡಿದಾಗಿದ್ದರೆ ಮೂರನೆಯದೂ ಬೇಕಾಗಬಹುದು. ಕುಂಡಗಳಷ್ಟೇ ಇರುವವರು ದಿನವೊಂದಕ್ಕೆ ತಮಗೆ ಎಷ್ಟು ಕ್ಯಾನ್ ನೀರು ಬೇಕಾಗುತ್ತದೆ ಎಂಬುದನ್ನು ಒಂದು ವಾರ ಎಣಿಸಿ ನೋಡಿದರೆ ಯಾವ ಸೂತ್ರಕ್ಕಿಂತಲೂ ನಿಖರವಾದ ಉತ್ತರ ಸಿಗುತ್ತದೆ.

ಈ ಲೆಕ್ಕ ಮುಗಿಸಿದ ಮೇಲೆ ಸಾವಿರಾರು ಲೀಟರಿನ ಟ್ಯಾಂಕೇ ಬೇಕು ಎಂದು ತೋರಿದರೂ ಮೊದಲ ವರ್ಷ ಒಂದೇ ಡ್ರಮ್ಮಿನಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ನಿಮ್ಮ ಚಾವಣಿಯ ನೀರು ಹೇಗೆ ಬರುತ್ತದೆ, ಅದನ್ನು ಬಳಸುವ ಶಿಸ್ತು ನಿಮ್ಮಲ್ಲಿ ಎಷ್ಟಿದೆ ಎಂಬುದು ಒಂದು ಮಳೆಗಾಲದಲ್ಲಿ ತಿಳಿಯುತ್ತದೆ, ಮತ್ತು ಅದಕ್ಕೆ ಇನ್ನೊಂದು ಡ್ರಮ್ಮನ್ನು ಸೇರಿಸುವುದು ಕಷ್ಟದ ಕೆಲಸವಲ್ಲ.

ಚಾವಣಿಯನ್ನು ಪರಿಶೀಲಿಸುವುದು

ಹೆಂಚು, ಕಾಂಕ್ರೀಟು, ಬಣ್ಣ ಬಳಿದ ಉಕ್ಕಿನ ತಗಡು ಇವುಗಳ ಮೇಲಿಂದ ಬರುವ ನೀರನ್ನು ತೋಟಕ್ಕೆ ನಿಶ್ಚಿಂತೆಯಿಂದ ಬಳಸಬಹುದು. ಶಿಥಿಲವಾದ ಕಲ್ನಾರು ಶೀಟು, ಸೀಸದ ಪಟ್ಟಿಗಳನ್ನು ಬಳಸಿದ ಹಳೆಯ ಮಾಡು, ತಾಮ್ರದ ತಗಡು, ಪಾಚಿ ಬೆಳೆಯದಂತೆ ರಾಸಾಯನಿಕ ಲೇಪಿಸಿದ ಚಾವಣಿ ಇವುಗಳ ನೀರನ್ನು ತಿನ್ನುವ ಬೆಳೆಗಳಿಗೆ ಹಾಕಬಾರದು. ಹೊಸದಾಗಿ ಬಣ್ಣ ಅಥವಾ ಜಲನಿರೋಧಕ ಲೇಪನ ಮಾಡಿಸಿದ್ದರೆ ಮೊದಲ ಕೆಲವು ಮಳೆಗಳ ನೀರನ್ನು ಹೊರಗೆ ಬಿಡುವುದು ಕ್ಷೇಮ. ಯಾವ ಚಾವಣಿಯೇ ಆಗಲಿ, ಹಕ್ಕಿಗಳ ಹಿಕ್ಕೆ ಮತ್ತು ಸತ್ತ ಕೀಟಗಳ ಮೂಲಕ ರೋಗಾಣುಗಳು ನೀರಿಗೆ ಸೇರಿಯೇ ಸೇರುತ್ತವೆ. ಆದ್ದರಿಂದ ಡ್ರಮ್ಮಿನ ನೀರನ್ನು ಕುಡಿಯಲು, ಅಡುಗೆಗೆ, ತರಕಾರಿ ತೊಳೆಯಲು ಬಳಸಕೂಡದು.

ಯಾವ ಡ್ರಮ್ ಆರಿಸಬೇಕು

ಮನೆತೋಟಕ್ಕೆ ಹೆಚ್ಚು ಹೊಂದುವುದು ದಪ್ಪ ಗೋಡೆಯ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಡ್ರಮ್. ಅದರ ತಳದಲ್ಲಿ ತ್ರಿಕೋನದ ಒಳಗೆ 2 ಎಂಬ ಅಂಕಿ ಅಚ್ಚಾಗಿರುತ್ತದೆ. ಬಿಸಿಲಿನಲ್ಲಿ ವರ್ಷಗಟ್ಟಲೆ ನಿಲ್ಲಬೇಕಾದ್ದರಿಂದ ಅತಿನೇರಳೆ ಕಿರಣಗಳನ್ನು ತಡೆಯುವ ಗುಣವಿರುವುದನ್ನೇ ಆರಿಸಬೇಕು. ಇಲ್ಲದಿದ್ದರೆ ಪ್ಲಾಸ್ಟಿಕ್ ಪೆಡಸಾಗಿ ಬಿರುಕು ಬಿಡುತ್ತದೆ. ಬಣ್ಣದ ವಿಷಯದಲ್ಲಿ ಒಂದೇ ನಿಯಮ: ಬೆಳಕು ಒಳಗೆ ಹೋಗಬಾರದು. ಪಾಚಿ ಬೆಳೆಯಲು ಬೆಳಕು ಬೇಕೇ ಬೇಕು. ಅರೆಪಾರದರ್ಶಕವಾದ ಬಿಳಿಯ ಡ್ರಮ್ಮನ್ನು ಬಿಸಿಲಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಒಳಗೋಡೆ ಹಸಿರಾಗುತ್ತದೆ. ಈಗಾಗಲೇ ಅಂಥದ್ದು ಇದ್ದರೆ ಹೊರಮೈಗೆ ಗಾಢವಾದ ಬಣ್ಣ ಬಳಿಯಬಹುದು, ಅಥವಾ ದಪ್ಪ ಗೋಣಿತಟ್ಟು ಸುತ್ತಬಹುದು.

ಬಳಸಿದ ಡ್ರಮ್ ಕೊಳ್ಳುವವರು ಅದರಲ್ಲಿ ಮೊದಲು ಏನಿತ್ತು ಎಂಬುದನ್ನು ಖಚಿತವಾಗಿ ತಿಳಿದುಕೊಳ್ಳಲೇಬೇಕು. ಆಹಾರ ಪದಾರ್ಥ ಸಾಗಿಸಿದ ಡ್ರಮ್ಮಾದರೆ ಸಾಬೂನು ಹಾಕಿ ತೊಳೆದು ಬಳಸಬಹುದು. ಕೀಟನಾಶಕ, ದ್ರಾವಕ, ಎಣ್ಣೆ ಅಥವಾ ಕಾರ್ಖಾನೆಯ ರಾಸಾಯನಿಕ ತುಂಬಿದ್ದ ಡ್ರಮ್ಮನ್ನು ಎಷ್ಟು ಸಲ ತೊಳೆದರೂ ಬಳಸಬಾರದು, ಏಕೆಂದರೆ ಪ್ಲಾಸ್ಟಿಕ್ ಅವುಗಳನ್ನು ಹೀರಿಕೊಂಡು ಮುಂದೆ ನಿಧಾನವಾಗಿ ನೀರಿಗೆ ಬಿಡುತ್ತದೆ. ಚೀಟಿ ಕಿತ್ತುಹೋಗಿದ್ದು ಮಾರುವವರಿಗೂ ಪೂರ್ವಾಪರ ತಿಳಿಯದಿದ್ದರೆ, ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟುಬಿಡುವುದೇ ಸರಿ.

ಡ್ರಮ್ಮುಗಳಲ್ಲಿ ಎರಡು ಬಗೆ ಇವೆ. ಒಂದರ ಮೇಲ್ಭಾಗ ಪೂರ್ತಿ ಮುಚ್ಚಿದ್ದು ಎರಡು ಸಣ್ಣ ಬಿರಡೆಗಳಿರುತ್ತವೆ. ಇನ್ನೊಂದಕ್ಕೆ ಉಕ್ಕಿನ ಬಳೆಯಿಂದ ಬಿಗಿಯುವ ಪೂರ್ಣ ಮುಚ್ಚಳವಿರುತ್ತದೆ. ಎರಡನೆಯದನ್ನೇ ಆರಿಸಿರಿ ಎಂದು ಒತ್ತಿ ಹೇಳುತ್ತೇನೆ. ನಲ್ಲಿಯನ್ನು ಒಳಗಿನಿಂದ ಬಿಗಿಯಲು, ತಳದ ಹೂಳು ತೆಗೆಯಲು, ಗೋಡೆ ಉಜ್ಜಲು ಕೈ ಒಳಗೆ ಹೋಗಬೇಕು. ಕೈ ಹೋಗದ ಡ್ರಮ್ಮನ್ನು ಯಾರೂ ಶುಚಿ ಮಾಡುವುದಿಲ್ಲ. ಮರದ ಪೀಪಾಯಿ ನೋಡಲು ಸುಂದರ, ಆದರೆ ಒಣಗಿದರೆ ಹಲಗೆಗಳು ಕುಗ್ಗಿ ಸೋರುತ್ತದೆ. ತುಂಬುವ ಮತ್ತು ಬರಿದಾಗುವ ಕ್ರಮಕ್ಕೆ ಅದು ಹೊಂದುವುದಿಲ್ಲ. ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ.

ಜಾಗ ಮತ್ತು ಪೀಠ

ಇಳಿಕೊಳವೆಯ ಪಕ್ಕದಲ್ಲಿ, ಸಾಧ್ಯವಾದರೆ ನೆರಳಿರುವ ಕಡೆ, ನೀರು ಹೋಗಬೇಕಾದ ಮಡಿಗಳಿಗಿಂತ ಎತ್ತರದ ನೆಲದಲ್ಲಿ ಡ್ರಮ್ ನಿಲ್ಲಬೇಕು. ತುಂಬಿದ ಡ್ರಮ್ಮಿನ ತೂಕ ಇನ್ನೂರು ಕಿಲೋಗಿಂತ ಹೆಚ್ಚು. ಅದು ಉರುಳಿದರೆ ಪಕ್ಕದಲ್ಲಿದ್ದ ಮಗುವಿನ ಪ್ರಾಣಕ್ಕೇ ಅಪಾಯ, ಆದ್ದರಿಂದ ಪೀಠದ ಕೆಲಸದಲ್ಲಿ ಯಾವ ಅವಸರವೂ ಸಲ್ಲದು. ಮೇಲಿನ ಸಡಿಲ ಮಣ್ಣನ್ನು ತೆಗೆದು, ಜಲ್ಲಿ ಹರಡಿ ಚೆನ್ನಾಗಿ ದಮ್ಮಸು ಮಾಡಿ, ಅದರ ಮೇಲೆ ಕಾಂಕ್ರೀಟ್ ಬ್ಲಾಕುಗಳನ್ನು ಒಂದರ ಸಂದಿಯ ಮೇಲೆ ಇನ್ನೊಂದು ಕೂರುವಂತೆ ಅಡ್ಡಡ್ಡಲಾಗಿ ಜೋಡಿಸಿ 40ರಿಂದ 45 ಸೆಂಟಿಮೀಟರ್ ಎತ್ತರಿಸಬೇಕು. ಪೀಠವು ಡ್ರಮ್ಮಿನ ತಳಕ್ಕಿಂತ ಎಲ್ಲ ಕಡೆ ತುಸು ಅಗಲವಾಗಿರಲಿ. ರಸಮಟ್ಟ ಇಟ್ಟು ಎರಡು ದಿಕ್ಕಿನಲ್ಲೂ ಸಮವಾಗಿದೆಯೇ ಎಂದು ನೋಡಿರಿ. ಮೊದಲ ದೊಡ್ಡ ಮಳೆಯ ನಂತರ ನೆಲ ಕುಸಿಯುವ ಸಂಭವವಿರುವುದರಿಂದ ಆಗಲೂ ಇನ್ನೊಮ್ಮೆ ನೋಡಬೇಕು.

ಎತ್ತರಿಸುವುದರಿಂದ ನಲ್ಲಿಯ ಕೆಳಗೆ ಕ್ಯಾನ್ ಹಿಡಿಸುತ್ತದೆ, ಜೊತೆಗೆ ಒತ್ತಡವೂ ಸ್ವಲ್ಪ ಹೆಚ್ಚುತ್ತದೆ. ಆದರೆ ಒತ್ತಡದ ಬಗ್ಗೆ ಹೆಚ್ಚಿನ ನಿರೀಕ್ಷೆ ಬೇಡ. ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಪೀಠವೂ ಡ್ರಮ್ಮೂ ಸೇರಿ ಒಂದೂಕಾಲು ಮೀಟರ್ ಆದರೆ ಸಿಗುವುದು ಬಾರಿನ ಎಂಟನೆಯ ಒಂದು ಭಾಗ ಮಾತ್ರ. ಅದನ್ನು ಹೆಚ್ಚಿಸಲೆಂದು ಎತ್ತರದ ಮರದ ಅಟ್ಟಣೆಯ ಮೇಲೆ ಡ್ರಮ್ ಏರಿಸುವುದು ಅಪಾಯಕಾರಿ.

ಜೋಡಣೆ: ಹಂತ ಹಂತವಾಗಿ

ಮೊದಲು ನಲ್ಲಿ. ತಳದಿಂದ ಎಂಟರಿಂದ ಹತ್ತು ಸೆಂಟಿಮೀಟರ್ ಮೇಲೆ ಗುರುತು ಮಾಡಿ, ಟ್ಯಾಂಕ್ ನಿಪ್ಪಲಿನ (ನಲ್ಲಿಯನ್ನು ಡ್ರಮ್ಮಿನ ಗೋಡೆಗೆ ಜೋಡಿಸುವ, ತಿರುಪು ಮರೆಯಿರುವ ಗಿಡ್ಡ ಕೊಳವೆ) ಮರೆಯ ಹೊರ ಅಳತೆಗೆ ಸರಿಯಾದ ಹೋಲ್ ಸಾ (ದುಂಡು ರಂಧ್ರ ಕೊರೆಯುವ ಗರಗಸ) ಬಳಸಿ ರಂಧ್ರ ಕೊರೆಯಬೇಕು. ಇನ್ನೂ ಕೆಳಗಿಟ್ಟರೆ ಹೂಳು ನಲ್ಲಿಗೆ ಬರುತ್ತದೆ, ಮೇಲಿಟ್ಟರೆ ಬಳಸಲಾಗದ ನೀರು ಹೆಚ್ಚುತ್ತದೆ. ರಂಧ್ರದ ಅಂಚನ್ನು ಉಜ್ಜಿ ನುಣುಪು ಮಾಡಿ, ನಿಪ್ಪಲನ್ನು ಒಳಗಿನಿಂದ ತೂರಿಸಿ, ಗೋಡೆಯ ಎರಡೂ ಬದಿಗೆ ರಬ್ಬರ್ ವಾಷರ್ ಇಟ್ಟು ನಟ್ ಬಿಗಿಯಿರಿ. ಮುಕ್ಕಾಲು ಅಂಗುಲದ ಬಾಲ್ ವಾಲ್ವ್ ನಲ್ಲಿಯನ್ನು ಟೆಫ್ಲಾನ್ ಟೇಪ್ ಸುತ್ತಿ ಕೂರಿಸಬೇಕು. ಕಡಿಮೆ ಒತ್ತಡದಲ್ಲಿ ಅರ್ಧ ಅಂಗುಲದ ನಲ್ಲಿಯಿಂದ ಕ್ಯಾನ್ ತುಂಬುವುದಕ್ಕೆ ಕಾಯುವುದು ಬೇಸರ ತರಿಸುತ್ತದೆ, ಮತ್ತು ಬೇಸರವಾದ ದಿನ ಕೈ ಮತ್ತೆ ಮನೆಯ ನಲ್ಲಿಯ ಕಡೆಗೇ ಹೋಗುತ್ತದೆ. ಡ್ರಮ್ಮಿನ ತಳದಂಚಿನಲ್ಲಿ ಬಿರಡೆ ಹಾಕಿದ ಇನ್ನೊಂದು ರಂಧ್ರವಿದ್ದರೆ ತೊಳೆಯುವಾಗ ಹೂಳನ್ನು ಹೊರಹಾಕಲು ಅನುಕೂಲ.

ಎರಡನೆಯದು ಹೆಚ್ಚುವರಿ ನೀರಿನ ದಾರಿ. ಬಹಳ ಮಂದಿ ಎಡವುವುದು ಇಲ್ಲಿಯೇ. ಗಂಟೆಗೆ 60 ಮಿಲಿಮೀಟರ್ ರಭಸದ ಮಳೆಯಲ್ಲಿ 40 ಚದರ ಮೀಟರ್ ಚಾವಣಿಯಿಂದ ನಿಮಿಷಕ್ಕೆ ಸುಮಾರು 40 ಲೀಟರ್ ಬರುತ್ತದೆ, ಐದಾರು ನಿಮಿಷದಲ್ಲಿ ಡ್ರಮ್ ತುಂಬುತ್ತದೆ, ಆಮೇಲೆ ಬರುವುದೆಲ್ಲ ಹೊರಕ್ಕೇ ಹೋಗಬೇಕು. ಬೆರಳಿನ ಗಾತ್ರದ ಕೊಳವೆ ಇದಕ್ಕೆ ಸಾಲದು. ಒಳಬರುವ ಕೊಳವೆ ಎಷ್ಟು ದಪ್ಪವೋ ಹೊರಹೋಗುವುದೂ ಅಷ್ಟೇ ದಪ್ಪವಿರಬೇಕು. ಮೇಲಂಚಿನಿಂದ ಐದಾರು ಸೆಂಟಿಮೀಟರ್ ಕೆಳಗೆ ಅದನ್ನು ಕೂರಿಸಿ, ಗೋಡೆಯ ಬುಡದಿಂದ ಮೂರು ಮೀಟರಾದರೂ ದೂರಕ್ಕೆ ನೀರನ್ನು ಒಯ್ಯಬೇಕು. ಅಲ್ಲಿ ಹಣ್ಣಿನ ಮರದ ಪಾತಿಯೋ ಇಂಗುಗುಂಡಿಯೋ ಇದ್ದರೆ ಆ ನೀರೂ ಪ್ರಯೋಜನಕ್ಕೆ ಬರುತ್ತದೆ. ಅಡಿಪಾಯದ ಬಳಿಯೇ ಸುರಿಯಲು ಬಿಟ್ಟರೆ ತೋಟಕ್ಕೆ ಆದ ಲಾಭಕ್ಕಿಂತ ಮನೆಗೆ ಆಗುವ ಹಾನಿ ದೊಡ್ಡದು.

ಮೂರನೆಯದು ನೀರು ಒಳಬರುವ ಬಾಯಿ. ಮುಚ್ಚಳದಲ್ಲಿ ಕೊಳವೆಯ ಅಳತೆಗೆ ರಂಧ್ರ ಕೊರೆದು, ಅದರ ಮೇಲೆ ತುಕ್ಕು ಹಿಡಿಯದ ಉಕ್ಕಿನ ಅಥವಾ ನೈಲಾನಿನ ಸಣ್ಣ ಕಣ್ಣಿನ ಜಾಲರಿಯನ್ನು ಸಂದಿಲ್ಲದಂತೆ ಬಿಗಿಯಬೇಕು. ಸೂರಿನ ದೋಣಿಯ ಬಾಯಿಗೆ ದೊಡ್ಡ ಕಣ್ಣಿನ ಇನ್ನೊಂದು ಜಾಲರಿ ಇದ್ದರೆ ಎಲೆಗಳು ಅಲ್ಲಿಯೇ ನಿಲ್ಲುತ್ತವೆ. ಡ್ರಮ್ಮಿಗೆ ಗಾಳಿಯಾಡುವ ಒಂದು ದಾರಿಯೂ ಇರಬೇಕು. ಪೂರ್ತಿ ಬಿಗಿಯಾಗಿ ಮುಚ್ಚಿದ ಡ್ರಮ್ಮಿನಿಂದ ನೀರು ತಡೆತಡೆದು ಬರುತ್ತದೆ, ಒಳಗೆ ನಿರ್ವಾತ ಉಂಟಾಗಿ ಗೋಡೆ ಒಳಸರಿಯುವುದೂ ಉಂಟು.

ಇಳಿಕೊಳವೆಯನ್ನು ಕೊನೆಗೆ ಕತ್ತರಿಸಬೇಕು. ಡ್ರಮ್ಮನ್ನು ಪೀಠದ ಮೇಲೆ ಇಟ್ಟು, ಎಲ್ಲಿ ಸೇರುತ್ತದೆಂದು ಗುರುತು ಹಾಕಿದ ನಂತರವೇ ಗರಗಸ ಎತ್ತಿಕೊಳ್ಳಿರಿ. ಕೊಳವೆಯನ್ನು ನೇರವಾಗಿ ಮುಚ್ಚಳಕ್ಕೆ ತಿರುಗಿಸುವುದು ಒಂದು ವಿಧಾನ. ಕೊಳವೆಯ ಮಧ್ಯದಲ್ಲಿ ಕೂರುವ ಡೈವರ್ಟರ್ ಬಳಸುವುದು ಇನ್ನೊಂದು: ಡ್ರಮ್ ತುಂಬಿದೊಡನೆ ನೀರು ತಾನಾಗಿಯೇ ಹಳೆಯ ದಾರಿಯಲ್ಲಿ ಕೆಳಗಿಳಿಯುತ್ತದೆ. ಇದರಲ್ಲಿ ಡೈವರ್ಟರಿನ ಮಟ್ಟ ಡ್ರಮ್ಮಿನ ತುಂಬುಮಟ್ಟಕ್ಕೆ ಸಮವಾಗಿರಬೇಕು. ಕೆಳಗಿದ್ದರೆ ಡ್ರಮ್ ಎಂದಿಗೂ ತುಂಬದು.

ಮೊದಲ ಮಳೆಯ ಕೊಳೆಯನ್ನು ಬೇರ್ಪಡಿಸುವ ಏರ್ಪಾಡು ಅನಿವಾರ್ಯವಲ್ಲದಿದ್ದರೂ ಶ್ರಮಕ್ಕೆ ತಕ್ಕ ಫಲ ಕೊಡುತ್ತದೆ. ಒಣ ದಿನಗಳಲ್ಲಿ ಚಾವಣಿಯ ಮೇಲೆ ಕೂತ ಧೂಳು, ಹಿಕ್ಕೆ, ಪರಾಗವನ್ನೆಲ್ಲ ಮಳೆಯ ಆರಂಭದ ಅರ್ಧ ಮಿಲಿಮೀಟರ್ ಬಹುಮಟ್ಟಿಗೆ ತೊಳೆದು ತರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 20 ಲೀಟರ್. ಇಳಿಕೊಳವೆಗೆ ಟಿ (T) ಆಕಾರದ ಕವಲುಕೊಳವೆ ಜೋಡಿಸಿ, ತಳ ಮುಚ್ಚಿದ 110 ಮಿಲಿಮೀಟರ್ ಪೈಪನ್ನು ಕೆಳಮುಖವಾಗಿ ನಿಲ್ಲಿಸಿದರೆ ಪ್ರತಿ ಮೀಟರಿಗೆ ಸುಮಾರು ಎಂಟೂವರೆ ಲೀಟರ್ ಹಿಡಿಯುತ್ತದೆ, ಆದ್ದರಿಂದ ಎರಡೂವರೆ ಮೀಟರಿನಷ್ಟು ಪೈಪು ಸಾಕಾಗುತ್ತದೆ. ಅದು ತುಂಬಿದ ನಂತರ ಶುಭ್ರವಾದ ನೀರು ಡ್ರಮ್ಮಿನ ಕಡೆಗೆ ಹರಿಯುತ್ತದೆ. ತಳದ ಮುಚ್ಚಳದಲ್ಲಿ ಒಂದೆರಡು ಮಿಲಿಮೀಟರಿನ ರಂಧ್ರ ಮಾಡಿದರೆ ಕೊಳೆನೀರು ನಿಧಾನವಾಗಿ ತೊಟ್ಟಿಕ್ಕಿ ಮುಂದಿನ ಮಳೆಗೆ ಪೈಪು ಖಾಲಿಯಾಗಿರುತ್ತದೆ. ಆ ರಂಧ್ರ ಕಟ್ಟಿಕೊಳ್ಳದಂತೆ ಆಗಾಗ ಮುಚ್ಚಳ ತಿರುಗಿಸಿ ತೆಗೆದು ತೊಳೆಯಬೇಕು.

ಎರಡನೆಯ ಡ್ರಮ್ ಸೇರಿಸುವಾಗ ಎರಡನ್ನೂ ಒಂದೇ ಎತ್ತರದಲ್ಲಿಟ್ಟು ತಳದ ಬಳಿ ಪೈಪಿನಿಂದ ಜೋಡಿಸಿದರೆ ಎರಡರ ಮಟ್ಟವೂ ಒಟ್ಟಿಗೆ ಏರಿಳಿಯುತ್ತದೆ. ನಡುವೆ ಒಂದು ವಾಲ್ವ್ ಇರಲಿ. ಒಂದು ಸೋರಿದರೆ ಇನ್ನೊಂದರ ನೀರಾದರೂ ಉಳಿಯುತ್ತದೆ. ಎಲ್ಲ ಮುಗಿದ ಮೇಲೆ ಮಳೆಗಾಗಿ ಕಾಯದೆ ಒಂದೆರಡು ಬಕೆಟ್ ನೀರನ್ನು ನಲ್ಲಿಯ ಮಟ್ಟಕ್ಕಿಂತ ಮೇಲೆ ಬರುವಷ್ಟು ತುಂಬಿಸಿ, ಒಂದು ರಾತ್ರಿ ಬಿಟ್ಟು, ವಾಷರಿನ ಸುತ್ತ ಒರಸಿ ನೋಡಿರಿ.

ಸೊಳ್ಳೆಯ ವಿಷಯ

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಇಂಥ ಪಾತ್ರೆಗಳೆಂದರೆ ಬಹಳ ಪ್ರಿಯ. ಅದು ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ ಒದ್ದೆ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆಗಳು ನೀರಿಲ್ಲದೆ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಬೆಚ್ಚನೆಯ ಹವೆಯಲ್ಲಿ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಹೀಗಾಗಿ ಡ್ರಮ್ಮನ್ನು ಬರಿದು ಮಾಡಿದರಷ್ಟೇ ಸಾಲದು, ಗೋಡೆಯನ್ನು ಗಟ್ಟಿ ಕುಂಚದಿಂದ ಉಜ್ಜಬೇಕು. ಜಾಲರಿಯ ಕಣ್ಣು ಒಂದು ಮಿಲಿಮೀಟರಿಗಿಂತ ದೊಡ್ಡದಿರಬಾರದು. ಒಳಬರುವ ಬಾಯಿಗೆ ಜಾಲರಿ ಕಟ್ಟಿ ಹೊರಹೋಗುವ ಕೊಳವೆಯ ತುದಿಯನ್ನು ಮತ್ತು ಗಾಳಿಕಿಂಡಿಯನ್ನು ಮರೆಯುವವರೇ ಹೆಚ್ಚು. ಅವಕ್ಕೂ ಜಾಲರಿ ಬೇಕು. ಮುಚ್ಚಳದ ತಗ್ಗಿನಲ್ಲಿ ನಿಲ್ಲುವ ನೀರು, ಎಲೆ ತುಂಬಿದ ದೋಣಿಯಲ್ಲಿ ನಿಲ್ಲುವ ನೀರು ಇವೂ ಸೊಳ್ಳೆಗೆ ಸಾಕು. ಮರಿಹುಳುಗಳು ಕಂಡುಬಂದರೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಬಿಲ್ಲೆ ಅಥವಾ ಹರಳನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಹಾಕಬಹುದು. ಅದು ಗಿಡಗಳಿಗೂ ಜೇನ್ನೊಣಗಳಿಗೂ ತೊಂದರೆ ಮಾಡುವುದಿಲ್ಲ. ಸೀಮೆಎಣ್ಣೆ ಸುರಿಯಬಾರದು, ಅದು ಬೇರುಗಳಿಗೆ ವಿಷ.

ಮುಚ್ಚಳವನ್ನು ಸದಾ ಬಿಗಿದಿಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೂ ಇದೆ. ಪುಟ್ಟ ಮಕ್ಕಳು ಬಗ್ಗಿ ನೋಡುವ ಎತ್ತರದಲ್ಲಿ ತೆರೆದ ನೀರು ಇರಲೇಬಾರದು.

ನೀರುಣಿಸುವ ಕ್ರಮ

ಮಣ್ಣಿನಲ್ಲಿ ಬೆರಳನ್ನು ಐದು ಸೆಂಟಿಮೀಟರ್ ಆಳಕ್ಕೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಬೇಕು. ಬೆಳಗಿನ ಹೊತ್ತು ಉತ್ತಮ. ದಿನವೂ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬುಡಕ್ಕೆ ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಹಾಕಿದರೆ ಬೇರುಗಳೂ ಆಳಕ್ಕೆ ಹೋಗುತ್ತವೆ. ಪಾತಿಯ ಮೇಲೆ ಒಣಎಲೆ ಅಥವಾ ಹುಲ್ಲನ್ನು ಐದಾರು ಸೆಂಟಿಮೀಟರ್ ದಪ್ಪ ಹೊದಿಸಿದರೆ ಡ್ರಮ್ಮಿನ ನೀರು ಇನ್ನೂ ಕೆಲವು ದಿನ ಹೆಚ್ಚು ಬರುತ್ತದೆ. ಸೊಪ್ಪು ಮುಂತಾದ ಹಸಿಯಾಗಿ ತಿನ್ನುವ ಬೆಳೆಗಳ ಎಲೆಗೆ ಈ ನೀರು ತಾಗಬಾರದು. ಕೊಯ್ದ ಮೇಲೆ ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಹನಿ ನೀರಾವರಿ ಜೋಡಿಸುವುದಾದರೆ ಒಂದು ಎಚ್ಚರ ಅಗತ್ಯ. ಸಾಮಾನ್ಯವಾಗಿ ಸಿಗುವ ಡ್ರಿಪ್ಪರುಗಳನ್ನು ಒಂದು ಬಾರ್ ಆಸುಪಾಸಿನ ಒತ್ತಡಕ್ಕೆ ತಯಾರಿಸಿರುತ್ತಾರೆ, ಒತ್ತಡ ಸರಿದೂಗಿಸುವ ಬಗೆಯವು ಡ್ರಮ್ಮಿನ ಒತ್ತಡಕ್ಕೆ ತೆರೆದುಕೊಳ್ಳುವುದೇ ಇಲ್ಲ. ಗುರುತ್ವದ ಹರಿವಿಗೆಂದೇ ಮಾಡಿದ ಡ್ರಿಪ್ಪರುಗಳನ್ನು ಆರಿಸಿ, ಸಾಲುಗಳನ್ನು ಹತ್ತು ಮೀಟರಿನೊಳಗೆ ಇಟ್ಟುಕೊಂಡು, ನಲ್ಲಿಯ ಬಳಿ ಒಂದು ಸೋಸುಕ ಹಾಕಿದರೆ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸವೆಂದರೆ ಮೋಡ ಕಟ್ಟಿದಾಗ ಡ್ರಮ್ಮನ್ನು ಬರಿದು ಮಾಡುವುದು. ಕಷ್ಟಪಟ್ಟು ಹಿಡಿದ ನೀರನ್ನು ಮುಗಿಸಲು ಮನಸ್ಸು ಒಪ್ಪುವುದಿಲ್ಲ, ಆದರೆ ತುಂಬಿದ ಡ್ರಮ್ಮಿನ ಮೇಲೆ ಸುರಿದ ಮಳೆಯಲ್ಲಿ ಒಂದು ಹನಿಯೂ ನಮ್ಮದಾಗುವುದಿಲ್ಲ. ಮಳೆ ಖಚಿತವೆಂದು ಕಂಡ ದಿನ ಉಳಿದ ನೀರನ್ನು ಸೂರಿನ ಅಡಿ ಇರುವ, ಮಳೆ ತಾಗದ ಕುಂಡಗಳಿಗೂ ಆಳವಾದ ಬೇರಿನ ಮರಗಳಿಗೂ ಕೊಟ್ಟುಬಿಡಿ. ಈಗಾಗಲೇ ಒದ್ದೆಯಾಗಿರುವ ಮಡಿಗೆ ಮಾತ್ರ ಹಾಕಬೇಡಿ.

ನಿರ್ವಹಣೆ

ಮಳೆಗಾಲದಲ್ಲಿ ವಾರಕ್ಕೊಮ್ಮೆ ಜಾಲರಿಯ ಮೇಲಿನ ಕಸ ತೆಗೆಯುವುದು, ತಿಂಗಳಿಗೊಮ್ಮೆ ದೋಣಿಯನ್ನು ನೋಡುವುದು ಸಾಕು. ನೀರು ಕೊಳೆತ ಮೊಟ್ಟೆಯಂತೆ ನಾರಿದರೆ ತಳದಲ್ಲಿ ಎಲೆ ಕೊಳೆತು ಆಮ್ಲಜನಕ ಮುಗಿದಿದೆಯೆಂದು ಅರ್ಥ. ಪೂರ್ತಿ ಬಸಿದು, ಹೂಳು ತೆಗೆದು, ಜಾಲರಿ ಹರಿದಿದೆಯೇ ಎಂದು ಪರೀಕ್ಷಿಸಬೇಕು. ನೀರು ಹಸಿರಾದರೆ ಬೆಳಕು ಎಲ್ಲಿಂದಲೋ ಬರುತ್ತಿದೆ. ನಲ್ಲಿಯ ಧಾರೆ ಸಣ್ಣದಾದರೆ ಮೊದಲು ಗಾಳಿಕಿಂಡಿಯನ್ನು, ನಂತರ ಹೂಳನ್ನು ಅನುಮಾನಿಸಿರಿ.

ವರ್ಷಕ್ಕೆ ಒಂದೆರಡು ಸಲ, ಮಳೆಗಾಲದ ಮೊದಲು ಮತ್ತು ಕೊನೆಯಲ್ಲಿ, ಡ್ರಮ್ಮನ್ನು ಇಳಿಸಿ ಒಳಗೋಡೆಯನ್ನು ಸಾಬೂನಿನಿಂದ ಉಜ್ಜಿ ತೊಳೆಯಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಅದನ್ನು ಒಣಗಿಸಿ ನೆರಳಿನಲ್ಲಿ ಬೋರಲು ಹಾಕಿಡುವುದು ಒಳ್ಳೆಯದು. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆಗಳಲ್ಲಿ, ಮಂಜುಗಡ್ಡೆಯಾಗುವಾಗ ನೀರು ನೂರಕ್ಕೆ ಸುಮಾರು ಒಂಬತ್ತರಷ್ಟು ಹಿಗ್ಗುವುದರಿಂದ ನಲ್ಲಿಯೂ ಗೋಡೆಯೂ ಸೀಳುತ್ತವೆ. ಅಲ್ಲಿ ಚಳಿಗಾಲಕ್ಕೆ ಮುನ್ನ ಡ್ರಮ್ಮನ್ನು ಬರಿದು ಮಾಡಿ, ನಲ್ಲಿಯನ್ನು ತೆರೆದೇ ಇಟ್ಟು, ಇಳಿಕೊಳವೆಯನ್ನು ಮತ್ತೆ ಹಳೆಯ ದಾರಿಗೆ ತಿರುಗಿಸಿಡಬೇಕು.